ಹೊಸಾದ್ ಮಾಡಿಸಿದ ಪಿಸ್ತೂಲು

ಚಳಿಗಾಲದ ಮಧ್ಯಾಹ್ನ ಬಾದಾಮಿಯ ನನ್ನ ಕೆಲಸದ ಕೋಣೆಗೆ ಹೊಂಡದ ನೀರು ಬರುತ್ತದೆ. ನೀರೆಂದರೆ ನೀರಲ್ಲ, ನೀರಿನ ಮೇಲೆ ಬಿದ್ದ ಬಿಸಿಲು. ಕಿಟಕಿಯಿಂದ ಒಳಗೆ ನುಗ್ಗಿ ಚಾವಣಿಯ ತುಂಬ ಅಲೆಯಾಡುತ್ತದೆ. ರೊಟ್ಟಿ ತಿಂದು ಅದರ ಕೆಳಗೆ ಕೂತರೆ ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ನನಗೇ ತಿಳಿಯುವುದಿಲ್ಲ. ಹಳೆಯ ಲೋಹದ ಸಾಮಾನುಗಳನ್ನು ಪರೀಕ್ಷಿಸುವುದು, ಕೆಡದಂತೆ ಉಳಿಸಿಕೊಡುವುದು ನನ್ನ ಕೆಲಸ. ಗುಡಿಯ ಗಂಟೆ, ಮೂರ್ತಿಯ ಕವಚ, ವಾಡೆಯ ಬೀಗ ಇಂಥವು ಬರುತ್ತವೆ. ಇದು ಕನಸುಗಾರರಿಗೆ ಹೇಳಿ ಮಾಡಿಸಿದ ಕೆಲಸವಲ್ಲ ಎಂದು ಕಲಿಸಿದ ಗುರುಗಳು ಮೊದಲ ದಿನವೇ ಎಚ್ಚರಿಸಿದ್ದರು. ಅವರ ಮಾತು ಅರ್ಧ ಮಾತ್ರ ಕೇಳಿದೆ.

ಅಂಥದೊಂದು ಮಧ್ಯಾಹ್ನ ಬಾಗಲಕೋಟೆಯ ಪೊಲೀಸ್ ಕಚೇರಿಯಿಂದ ಅರಗಿನ ಮುದ್ರೆ ಒತ್ತಿದ ಬಟ್ಟೆಯ ಗಂಟು ಬಂತು. ಬಿಚ್ಚಿದೆ. ಒಳಗಿದ್ದದ್ದು ಚಕಮಕಿ ಕಲ್ಲಿನಿಂದ ಕಿಡಿ ಹೊಡೆಯುವ ಹಳೆಯ ಮಾದರಿಯ ಪಿಸ್ತೂಲು. ಆದರೆ ಥಳಥಳ ಹೊಳೆಯುತ್ತಿತ್ತು, ಮದುವೆ ಮನೆಯಲ್ಲಿ ಆಹೇರಿನ ಉಡುಗೊರೆಗೆ ಇಟ್ಟ ತಂಬಿಗೆಯಂತೆ. ನಾನು ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಪ್ರವಾಸಿಗರಿಗೆ ಮಾರುವ ಇಂಥ ನಕಲಿ ಪಿಸ್ತೂಲುಗಳನ್ನು ಬೇಕಾದಷ್ಟು ನೋಡಿದ್ದೆ.

ಜೊತೆಗಿದ್ದ ಪತ್ರದಲ್ಲಿ ಮೂರು ಪ್ರಶ್ನೆಗಳಿದ್ದವು. ಇದು ಹಳೆಯ ತಯಾರಿಕೆಯೋ ಹೊಸದೋ? ಮೂಲ ಭಾಗಗಳು ಯಾವುವು, ಬದಲಿಸಿದ್ದು ಯಾವುವು? ಹಾರಿಸಲು ಬರುವ ಸ್ಥಿತಿಯಲ್ಲಿದೆಯೇ? ಪತ್ರದ ಹಿಂದೆ ಪಿಸ್ತೂಲು ಇಟ್ಟುಕೊಂಡಿದ್ದ ಹೆಣ್ಣುಮಗಳ ಹೇಳಿಕೆಯ ನಕಲು. ರಾಮಥಾಳದ ಹತ್ತಿರದ ಹಳ್ಳಿಯವಳು, ಬಸ್ ಕಂಡಕ್ಟರ್. ಹೋದ ಮಹಾನವಮಿಯಲ್ಲಿ ಆಯುಧಗಳ ಪೂಜೆಯ ಫೋಟೊವನ್ನು ಮನೆಯವರು ಯಾರೋ ಮೊಬೈಲಿನಲ್ಲಿ ಹಾಕಿದ್ದರು. ಕುಡಗೋಲು, ಕೊಡಲಿ, ಉಣ್ಣೆ ಕತ್ತರಿಗಳ ನಡುವೆ ಈ ಪಿಸ್ತೂಲು ಹೊಳೆದದ್ದು ಕಾಣಬಾರದವರ ಕಣ್ಣಿಗೂ ಕಂಡಿತ್ತು. ಹೇಳಿಕೆಯ ಕೊನೆಯ ಸಾಲು ಹೀಗಿತ್ತು: “ಸದರಿ ಪಿಸ್ತೂಲನ್ನು ನಾನು ಇಳಕಲ್ಲಿನಲ್ಲಿ ಹೊಸದಾಗಿ ಮಾಡಿಸಿರುತ್ತೇನೆ.” ಕೆಳಗೆ ಅವಳ ದುಂಡು ಸಹಿ.

ಲೈಸೆನ್ಸಿಲ್ಲದೆ ಹೊಸ ಆಯುಧ ಮಾಡಿಸಿದ್ದು ಖರೆಯಾದರೆ ಕೇಸು ನಿಲ್ಲುತ್ತದೆ, ನೌಕರಿ ಹೋಗುತ್ತದೆ. ತೀರ ಹಳೆಯದು, ಹಾರಿಸಲು ಬಾರದ್ದು ಎಂದಾದರೆ ದಾಖಲೆ ಬರೆಸಿ ಮನೆಗೆ ಒಯ್ಯಬಹುದು. ಆಗಲೇ ಎರಡು ತಿಂಗಳಿಂದ ಅವಳನ್ನು ಅಮಾನತಿನಲ್ಲಿ ಇಟ್ಟಿದ್ದರು. ನನ್ನ ವರದಿಗಾಗಿ ಫೈಲು ಕಾಯುತ್ತಿತ್ತು. ಅವಳೇ ಒಪ್ಪಿಕೊಂಡು ಸಹಿ ಮಾಡಿದ ಮೇಲೆ ನನ್ನದೇನಿದೆ ಇದರಲ್ಲಿ ಅನ್ನಿಸಿತು. ಕೈ ಕೆಸರಾಗದೆ ಮೊಸರು ಸಿಗುವ ಕೆಲಸ ಎಂದುಕೊಂಡೆ.

ಆದರೂ ಕ್ರಮ ಬಿಡುವಂತಿಲ್ಲ. ಮೊದಲು ನಳಿಗೆಯೊಳಗೆ ತೆಳ್ಳನೆಯ ಬಿದಿರು ಕಡ್ಡಿ ಇಳಿಸಿ, ಬಾಯಿಯ ಹತ್ತಿರ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಪಕ್ಕ ಹಿಡಿದೆ. ಕಡ್ಡಿ ತಳದವರೆಗೆ ಹೋಗಿತ್ತು, ಅಂದರೆ ಒಳಗೆ ಮದ್ದು ಗುಂಡು ಇರಲಿಲ್ಲ. ಎಷ್ಟೋ ತಲೆಮಾರಿನ ಹಿಂದೆ ತುಂಬಿಟ್ಟ ಮದ್ದು ಮೊಮ್ಮಕ್ಕಳ ಕೈಯಲ್ಲಿ ಹಾರಿದ್ದುಂಟು, ಅದಕ್ಕೇ ಈ ಎಚ್ಚರ. ಅಳೆದೆ: ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಅಯಸ್ಕಾಂತ ಹಿಡಿದೆ, ಕಚ್ಚಿಕೊಂಡಿತು. ಒಳಗೆ ಕಬ್ಬಿಣವೇ. ಹಿಡಿಕೆಯ ಕಟ್ಟಿಗೆಗೆ ಬಾಗಿಲಿಗೆ ಬಳಿಯುವಂಥ ದಪ್ಪ ವಾರ್ನಿಶ್. ಬದಿಯಲ್ಲಿ ಮೂರು ತಿರುಪುಗಳು, ಅದರಲ್ಲೊಂದು ಸೈಕಲ್ ಅಂಗಡಿಯದು ಎಂದು ಕುರುಡನಿಗೂ ತಿಳಿಯುತ್ತಿತ್ತು. ಸಂಜೆಗೆ ಪೆನ್ಸಿಲಿನಲ್ಲಿ ಬರೆದಿಟ್ಟೆ: “ಹೊಸ ತಯಾರಿಕೆ ಎಂದು ಕಾಣುತ್ತದೆ.”

ಮರುದಿನ ಆ ಹೊಳಪು ನನ್ನನ್ನು ಕಾಡತೊಡಗಿತು. ಕಾರ್ಖಾನೆಯ ಲೇಪವಾದರೆ ಉಗುರಿಗೆ ಜಗ್ಗುವುದಿಲ್ಲ. ಇದು ಜಗ್ಗಿತು, ಗೀರು ಬಿತ್ತು. ಮೂಲೆಯಿಂದ ಎಳ್ಳಿನಷ್ಟು ಕೆರೆದು ಚಮಚದಲ್ಲಿಟ್ಟು ಸಣ್ಣ ಉರಿಗೆ ಹಿಡಿದೆ. ನೋಡುತ್ತಿದ್ದಂತೆ ಕರಗಿ ಮಣಿಯಾಯಿತು. ಸೀಸವಿರಬಹುದೆಂದು ಆರಿದ ಮಣಿಯನ್ನು ಬಿಳಿ ಕಾಗದಕ್ಕೆ ಉಜ್ಜಿದೆ. ಸೀಸ ಕರಿ ಗೆರೆ ಎಳೆಯುತ್ತದೆ. ಇದು ಎಳೆಯಲಿಲ್ಲ. ತವರ.

ಪಿಸ್ತೂಲಿಗೆ ತವರ ಯಾರು ಹಚ್ಚುತ್ತಾರೆ? ಭೂತಗನ್ನಡಿ ಹಿಡಿದು ಸಂದುಗಳಲ್ಲಿ ಹುಡುಕಿದೆ. ಒಂದು ಕಡೆ ಬಿಳಿ ಪುಡಿ ಅಂಟಿಕೊಂಡಿತ್ತು. ಅದನ್ನು ಸೂಜಿಯಿಂದ ತೆಗೆದು, ಎಲೆ ಅಡಿಕೆಯ ಡಬ್ಬಿಯಲ್ಲಿದ್ದ ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕಿದೆ. ಮೂಗಿನ ಹತ್ತಿರ ತಂದದ್ದೇ ತಡ, ನೆತ್ತಿಗೆ ಹೊಡೆಯಿತು, ಕಣ್ಣಲ್ಲಿ ನೀರು. ನವಸಾಗರ!

ಆ ವಾಸನೆಗೆ ನಾನು ಕೋಣೆಯಲ್ಲಿ ಉಳಿಯಲಿಲ್ಲ. ಹಳೆಯ ಬಾಗಲಕೋಟೆಯ ನಮ್ಮ ಓಣಿಯಲ್ಲಿದ್ದೆ, ಲಂಗ ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತಿದ್ದೆ. ಕಲಾಯಿಯವನು ನೆಲದಲ್ಲಿ ಕುಳಿ ತೋಡಿ, ತಿದಿ ಒತ್ತಿ, ಹಂಡೆಯನ್ನು ಕೆಂಡದ ಮೇಲೆ ತಿರುಗಿಸುತ್ತಿದ್ದ. ನವಸಾಗರ ಚೆಲ್ಲಿದ ಕೂಡಲೇ ಬಿಳಿ ಹೊಗೆ ಎದ್ದು ಓಣಿಯ ಮನೆಗಳೆಲ್ಲ ಮಾಯವಾಗುತ್ತಿದ್ದವು. ಹೊಗೆ ಹರಿದಾಗ ಹಂಡೆಯೊಳಗೆ ಬೆಳದಿಂಗಳು. ಆ ಓಣಿ ಈಗ ಹಿನ್ನೀರಿನ ಕೆಳಗಿದೆ. ಆದರೆ ಆ ಮಧ್ಯಾಹ್ನ ಅದು ಒಣಗಿಯೇ ಇತ್ತು, ಅವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: “ಏ, ಆ ಪರಾತಾನೂ ಒಯ್ದ ಕೊಡು. ಎಲ್ಲಾ ಒಮ್ಮೆಲೆ ಹೊಸಾದ್ ಮಾಡಿಸಿಬಿಡೂಣು.”

ಹೊಸಾದ್ ಮಾಡಿಸಿಬಿಡೂಣು. ನಾನು ಎದ್ದು ಕೂತೆ. ಪತ್ರದ ಹಿಂದಿನ ಹೇಳಿಕೆ ತೆಗೆದು ಮತ್ತೆ ಓದಿದೆ. ನಮ್ಮ ಕಡೆ ಹೆಂಗಸರು ಪಾತ್ರೆಗೆ ಕಲಾಯಿ ಹಾಕಿಸುವುದಕ್ಕೆ ಹೇಳುವ ಮಾತದು. ಬರೆದುಕೊಂಡವರು ಅದನ್ನು ಶುದ್ಧ ಕನ್ನಡಕ್ಕೆ ತಿದ್ದಿದ್ದರು, ತಿದ್ದುವಾಗ ಹಳೆಯ ಪಿಸ್ತೂಲು ಹೊಸ ಪಿಸ್ತೂಲಾಗಿತ್ತು. ಇದೇ ಜಿಲ್ಲೆಯಲ್ಲಿ ಹುಟ್ಟಿದ ನಾನೂ ಅದನ್ನು ಹಾಗೇ ಓದಿ ನಂಬಿದ್ದೆನಲ್ಲ, ನಾಚಿಕೆಯಾಯಿತು. ಪೆನ್ಸಿಲಿನ ಸಾಲನ್ನು ಅಳಿಸಿಹಾಕಿದೆ.

ಆದರೆ ಊಹೆ ಸಾಕ್ಷಿಯಲ್ಲ. ಕಲಾಯಿ ಹಾಕಿಸಿದ್ದಾಳೆ ಎಂದರೆ ಕೆಳಗಿನದು ಹಳೆಯದೆಂದು ಆಗಲಿಲ್ಲ, ನಕಲಿಗೂ ಕಲಾಯಿ ಹಾಕಬಹುದು. ಬಡಿದು ಕೂಡಿಸಿದ ಕಬ್ಬಿಣದ ಗೆರೆ, ಅರದ ಗುರುತು, ತುಕ್ಕಿನ ಕುಳಿ ಎಲ್ಲವೂ ತವರದ ಕೆಳಗೆ ಮುಚ್ಚಿಹೋಗಿದ್ದವು. ತವರ ತೆಗೆಯಲು ಎರಡು ದಾರಿ. ಬೆಂಕಿಗೆ ಹಿಡಿಯಬೇಕು, ಇಲ್ಲವೆ ಆಮ್ಲ ಹಾಕಬೇಕು. ಎರಡರಲ್ಲೂ ನಾನು ಹುಡುಕುತ್ತಿರುವ ಗುರುತೇ ಮೊದಲು ಸಾಯುವ ಭಯ. ನಳಿಗೆಯನ್ನು ಕಟ್ಟಿಗೆಯಿಂದ ಬಿಚ್ಚಿ ನೋಡೋಣವೆಂದರೆ ಅದನ್ನು ಹಿಡಿದಿದ್ದ ಎರಡು ಸಣ್ಣ ಮೊಳೆಗಳು ವಾರ್ನಿಶಿನಲ್ಲಿ ಹೂತಿದ್ದವು. ಮೊಳೆಗೆ ಒಮ್ಮೆ ಏಟು ಹಾಕಿದೆ. ಕಟ್ಟಿಗೆ ಚಿರ್ರೆಂದಿತು. ಕೂದಲೆಳೆಯಷ್ಟು ಬಿರುಕು. ಸುತ್ತಿಗೆ ಕೆಳಗಿಟ್ಟೆ. ಆಮ್ಲದಿಂದ ಒಂದು ಬೆರಳಗಲ ತೆಗೆದು ನೋಡುವುದೇ ಸರಿ, ಆದರೆ ಮನೆಯವರ ಒಪ್ಪಿಗೆ ಬೇಕು ಎಂದುಕೊಂಡು ಕಚೇರಿಗೆ ತಿಳಿಸಿ, ಪಿಸ್ತೂಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಹೊರಟೆ.

ಬಾಗಲಕೋಟೆಯಲ್ಲಿ ಬಸ್ ಬದಲಿಸಿ ಕಮತಗಿ ದಾಟಿದ ಮೇಲೆ ಕಿಟಕಿಯಾಚೆ ಬರೀ ಎರೆಹೊಲ, ಬಿಳಿಜೋಳದ ತೆನೆ. ಗಾಳಿ ಬಂದಾಗ ಹೊಲವೆಲ್ಲ ಒಂದೇ ಬದಿಗೆ ಒರಗಿ ಮತ್ತೆ ಏಳುತ್ತಿತ್ತು. ನನಗೆ ನಿದ್ದೆ ಬಂತು. ಎಚ್ಚರವಾದಾಗ ಹುನಗುಂದ. ಅಲ್ಲಿಂದ ಟಂಟಂ ಗಾಡಿಯಲ್ಲಿ ಅವಳ ಹಳ್ಳಿ.

ನಲವತ್ತರ ಹತ್ತಿರದ ಗಟ್ಟಿ ಹೆಂಗಸು. ಗಂಡ ಕುರಿ ಹಿಂಡಿನ ಜೊತೆ ದೂರದ ಹೊಲಗಳಲ್ಲಿದ್ದ. ದೇವರ ಮಾಡಿನಲ್ಲಿ ಬೀರಪ್ಪನ ಮುಂದೆ ಪಿಸ್ತೂಲಿನ ಉದ್ದದ ಜಾಗ ಖಾಲಿ ಇತ್ತು, ಅದರ ಸುತ್ತ ಭಂಡಾರ ಚೆಲ್ಲಿತ್ತು. ಭಂಡಾರವೆಂದರೆ ಬೀರಪ್ಪನಿಗೆ ಏರಿಸುವ ಅರಿಸಿನ ಪುಡಿ.

“ಬರ್ರಿ ಅಕ್ಕಾರ, ಮದ್ಲ ನೀರ ಕುಡೀರಿ,” ಎಂದಳು. “ಪಿಸ್ತೂಲ ಕೆಡಸೂದಿಲ್ಲ ಹೌದಲ್ಲೋ?”

“ಹೊಸಾದ್ ಮಾಡಿಸೇನಿ ಅಂತ ಹೇಳಿಯಂತಲ್ಲವಾ?”

“ಹೂನ್ರಿ. ಸುಳ್ಳ ಯಾಕ ಹೇಳ್ಲಿ? ಹಂಡೆ, ಪರಾತ, ತಪೇಲಿ ಎಲ್ಲಾ ಹೊಸಾದ್ ಮಾಡಿಸಿದ್ವಿ. ಅದರ ಕೂಡ ಇದನ್ನೂ ಒಯ್ದೆ. ಮರದಿನ ಮಹಾನವಮಿ ಖಂಡೇಪೂಜಿ ಇತ್ತು. ದೇವ್ರ ಮುಂದ ಕರ್ರಗ ಮಾಸಿದ್ದ ಇಡಾಕ ಮನಸ ಬರ್ಲಿಲ್ರಿ.”

“ಕಲಾಯಿ ಹಾಕಿಸೇನಿ ಅಂತ ಬಿಡಿಸಿ ಹೇಳಬೇಕಿತ್ತು.”

“ಹೊಸಾದ್ ಮಾಡಿಸೂದಂದ್ರ ಕಲಾಯಿನ ಅಲ್ಲೇನ್ರಿ? ಮತ್ತೇನಂತಾರ್ರಿ?”

“ಮಂದೀ ಟಿಕೆಟ್ ತಿರುವಿ ಮುರುವಿ ನೋಡಾಕಿ ನೀ. ನಿನ್ನ ಹೇಳಿಕಿ ಓದಿ ನೋಡ್ಲಿಲ್ಲೇನು?”

“ಓದಿದ್ನಿರಿ. ನಾ ಹೇಳಿದ್ದ ಬರದಿದ್ರು.” ನೀರಿನ ತಂಬಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. “ಅಕ್ಕಾರ, ಹೋದ್ರ ಹೋಗ್ಲಿ ಅನ್ನಾಕ ಬರೂದಿಲ್ರಿ. ಹೊಲ ಮಾವಂದು, ಕುರಿ ಮನೆಯವರ್ದು. ನಂದು ಅಂತ ಇರೂದು ಆ ನೌಕ್ರಿ ಒಂದ.”

ನಾನು ಬೆರಳಗಲ ತವರ ತೆಗೆಯುವ ವಿಷಯ ಎತ್ತಿದೆ. ತೆಗೆದರೆ ಗುರುತು ಹೋದರೂ ಹೋಗಬಹುದು ಎಂದೂ ಹೇಳಿದೆ. “ಅದು ಹೋದ್ರ ನಂದೂ ಹೋಧಾಂಗ,” ಎಂದಳು. ಅಷ್ಟರಲ್ಲಿ ಅವಳಿಗೇ ಹೊಳೆಯಿತು. “ಕಲಾಯಿ ಚಾಚಾನ್ನ ಕೇಳೂಣೇನ್ರಿ? ಅವ್ರು ಕೈಯಾರೆ ಬಿಚ್ಚಿದ್ರು.”

ಇಬ್ಬರೂ ಇಳಕಲ್ಲಿಗೆ ಹೋದೆವು. ಬಸ್ಸಿನಲ್ಲಿ ಅವಳು ಪ್ರಯಾಣಿಕಳಾಗಿ ಕೂತಿದ್ದನ್ನು ನೋಡಲಾಗಲಿಲ್ಲ. ಯಾವ ಸ್ಟಾಪು ಬಂದರೂ ಅವಳ ಬಲಗೈ ಶಿಳ್ಳೆಗಾಗಿ ಎದೆಯ ಹತ್ತಿರ ಹೋಗಿ, ಏನೂ ಸಿಗದೆ ಕೆಳಗಿಳಿಯುತ್ತಿತ್ತು.

ಕಲಾಯಿ ಚಾಚಾನ ಅಂಗಡಿ ಒಂದು ಓಣಿಯ ತಿರುವಿನಲ್ಲಿ. ಈಗ ಕಲಾಯಿ ಕೇಳುವವರು ಕಡಿಮೆ, ಕುಕ್ಕರು, ಸ್ಟೋವು ರಿಪೇರಿಯೇ ಹೆಚ್ಚು. ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು ಒಂದೇ ಸಮ ಬರುತ್ತಿತ್ತು. ಆ ಲಯಕ್ಕೆ ತಲೆ ತೂಗುತ್ತ ಬಿಳಿ ಗಡ್ಡದ ಮುದುಕ ಹೇಳಿದ: “ಕಬ್ಬಿಣಕ್ಕ ಯಾರ್ ಕಲಾಯಿ ಹಾಕ್ತಾರ್ ಬೇಟಿ? ಹಿಡಿಯೂದಿಲ್ಲ, ಬ್ಯಾಡ ಅಂದೆ. ಈಕಿ ಕೇಳ್ಲಿಲ್ಲ. ‘ದೇವ್ರದು ಚಾಚಾ, ಮನಸಿಟ್ಟ್ ಮಾಡ್ರಿ’ ಅಂದ್ಳು. ದೇವ್ರದು ಅಂದ ಮ್ಯಾಲೆ ನಾ ಏನ್ ಮಾಡ್ಲಿ? ಬಿಚ್ಚಿದೆ, ಎಲ್ಲಾ ಕೆಂಡದಾಗ ಇಟ್ಟೆ. ಒಂದ್ ತಿರುಪ ಕಳದು ಹೋತು, ಸೈಕಲ್‌ದ ಹಾಕೇನಿ. ಕಟ್ಟಗೀಗೆ ವಾರ್ನಿಶ್ ಬಳದವ್ನೂ ನಾನ. ಖರೆ ಹೇಳ್ತೇನಿ.”

“ಒಳಗಿನ ಸ್ಪ್ರಿಂಗೂ ಕೆಂಡದಾಗ ಇಟ್ರೇನು?”

“ಎಲ್ಲಾ ಅಂದ್ನಲ್ಲ.”

ಉಕ್ಕಿನ ಸ್ಪ್ರಿಂಗ್ ಕೆಂಡ ಕಂಡರೆ ಅದರ ಬಿಗಿ ಸತ್ತೇ ಹೋಗುತ್ತದೆ. ಆಮೇಲೆ, ಕೇಳಬೇಕೆಂದು ಕೇಳದೆ, ಸುಮ್ಮನೆ ಕೇಳಿದೆ: “ನಳಿಗೀ ಸುತ್ತೆಲ್ಲಾ ಒಂದ ಸಮ ಹಾಕೀರೇನ್ರಿ ಚಾಚಾ?”

ಮುದುಕನಿಗೆ ಅವಮಾನವಾದಂತಾಯಿತು. “ಸುತ್ತೆಲ್ಲಾ ಯಾಕ? ಹಂಡೇಕ ಒಳಗ ಹಾಕ್ತೇವಿ, ಹೊರಗ ಹಾಕ್ತೇವೇನು? ಪಾತ್ರೀಗೆ ಉಣ್ಣೂ ಕಡೆ, ಇದಕ್ಕ ಕಾಣೂ ಕಡೆ. ಕಟ್ಟಗ್ಯಾಗ ಕೂಡೂ ಮೈ ಹಂಗ ಬಿಟ್ಟೇನಿ. ಎರಡೂ ಕಡೆ ತವರ ಬಳಿಯಾಂವ ಕಲಾಯಿಗಾರ ಅಲ್ಲ ಬೇಟಿ, ದಿವಾಳಿಗಾರ.”

ನನಗೆ ಆ ಮುದುಕನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕೆನಿಸಿತು. ಕಟ್ಟಿಗೆಯ ಕೆಳಗೆ, ಯಾರೂ ನೋಡದ ಕಡೆ, ಪಿಸ್ತೂಲಿನ ಅರ್ಧ ಮೈ ಹಳೆಯದಾಗಿಯೇ ಉಳಿದಿತ್ತು. ತವರವನ್ನು ಮುಟ್ಟುವುದೇ ಬೇಡ, ಎಷ್ಟು ದಿನ ಹಿಡಿದರೂ ಸರಿ ನಳಿಗೆಯನ್ನು ಮೇಲೆತ್ತಬೇಕು ಎಂದು ಅಲ್ಲೇ ನಿರ್ಧರಿಸಿದೆ. “ಮೊಳಿ ಎಡಗಡೆಯಿಂದ ಬಲಕ್ಕ ದೂಡಬೇಕು. ಬಲದಿಂದ ಬಡದ್ರ ಕಟ್ಟಗಿ ಸೀಳತೈತಿ,” ಎಂದ ಚಾಚಾ. ನಾನು ಹೊಡೆದದ್ದು ಬಲದಿಂದ. ಅದನ್ನು ಅವರಿಗೆ ಹೇಳಲಿಲ್ಲ.

ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೊಳೆಗಳ ತಲೆಯ ಮೇಲಿಟ್ಟು ಕೂಡುವುದು, ವಾರ್ನಿಶ್ ಮೆತ್ತಗಾದಷ್ಟು ಬಿದಿರು ಚೂಪಿನಿಂದ ಎತ್ತುವುದು, ಮತ್ತೆ ಹತ್ತಿ ಇಡುವುದು. ನಾಲ್ಕು ಮಧ್ಯಾಹ್ನ ಇದೇ ಆಯಿತು. ಚಾವಣಿಯ ಮೇಲೆ ನೀರು ಆಡುತ್ತಿತ್ತು. ಸ್ಪಿರಿಟ್ಟಿನ ವಾಸನೆಗೆ ತಲೆ ಹಗುರಾಗಿ, ಈ ಪಿಸ್ತೂಲನ್ನು ಮೊದಲು ಹಿಡಿದವನು ಹೇಗಿದ್ದನೋ ಎಂದು ಯೋಚಿಸುತ್ತ ಕೂತೆ. ಕುರಿಗೆ ಬೀಳುವ ತೋಳಗಳನ್ನು ಹೆದರಿಸಲು ಹಿರಿಯರು ತಂದದ್ದು ಎಂದು ಅವಳು ಹೇಳಿದ್ದಳು. ನನ್ನ ಕಣ್ಣ ಮುಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ, ಮಂಜಿನಂಥ ಕುರಿ ಹಿಂಡು, ಆಕಾಶಕ್ಕೆ ಒಂದು ಸದ್ದು. ಚಂದದ ಚಿತ್ರ. ವರದಿಯಲ್ಲಿ ಅದಕ್ಕೆ ಜಾಗವಿಲ್ಲ.

ಐದನೆಯ ದಿನ ಮೊಳೆಗಳು ಎಡದಿಂದ ಬಲಕ್ಕೆ ಬೆಣ್ಣೆಯಲ್ಲಿ ಸರಿದಂತೆ ಸರಿದವು. ಉಸಿರು ಹಿಡಿದು ನಳಿಗೆಯನ್ನು ಎತ್ತಿದೆ.

ಕಟ್ಟಿಗೆಯ ಹಳ್ಳದ ತುಂಬ ಹಳದಿ. ಭಂಡಾರ. ಪ್ರತಿ ಪೂಜೆಯಲ್ಲಿ ಏರಿಸಿದ್ದು ಸಂದಿನಿಂದ ಒಳಗಿಳಿದು, ಎಣ್ಣೆ ಕುಡಿದು, ಕಲ್ಲಿನಂತೆ ಗಟ್ಟಿಯಾಗಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಪದರದ ಮೇಲೆ ಪದರ: ಒಂದು ಹಳದಿ, ಒಂದು ಎಣ್ಣೆಯ ಕರಿ ಗೆರೆ, ಮತ್ತೆ ಹಳದಿ. ಒಂದೊಂದು ಪದರ ಒಂದೊಂದು ಮಹಾನವಮಿ. ಎಣಿಸಲು ಹೊರಟು ಮೂರು ಸಲ ತಪ್ಪಿದೆ, ನಾಲ್ಕನೆಯ ಸಲ ಎಣಿಸುವುದು ಬಿಟ್ಟು ಸುಮ್ಮನೆ ನೋಡಿದೆ. ಪೇಟೆಯ ಯಾವ ನಕಲಿಗಾರನೂ ಇದನ್ನು ಮಾಡಲಾರ. ನನಗೆ ಅಳು ಬಂತು, ಯಾಕೆಂದು ಕೇಳಿದರೆ ಹೇಳಲಾರೆ.

ಉಳಿದದ್ದು ಲೆಕ್ಕದ ಕೆಲಸ. ನಳಿಗೆಯ ಕೆಳಮೈಯಲ್ಲಿ ಕಾದ ಪಟ್ಟಿಯನ್ನು ಸುತ್ತಿ ಬಡಿದು ಕೂಡಿಸಿದ ಓರೆ ಗೆರೆ ಇತ್ತು. ಈಗಿನ ಬೆಸುಗೆ ಹೀಗಿರುವುದಿಲ್ಲ. ಪಕ್ಕದಲ್ಲಿ ಉಳಿಯಿಂದ ಹೊಡೆದ ಮೂರು ಕಚ್ಚು. ಕಿಡಿ ಹೊಡೆಯುವ ಯಂತ್ರದ ಒಳಮೈಯಲ್ಲೂ ಮೂರು ಕಚ್ಚು, ಎರಡು ತಿರುಪುಗಳ ತಲೆಯ ಕೆಳಗೂ ಮೂರು ಕಚ್ಚು. ಅಂದರೆ ಒಬ್ಬನೇ ಕಮ್ಮಾರ ಒಂದೇ ಪಿಸ್ತೂಲಿಗೆಂದು ಮಾಡಿ, ಬೇರೆಯವುಗಳ ಜೊತೆ ಕಲೆಯದಂತೆ ಇಟ್ಟ ಗುರುತು. ಮೂರನೆಯ ತಿರುಪಿಗೆ ಕಚ್ಚಿಲ್ಲ, ಅದು ಸೈಕಲ್ಲಿನದು. ಮದ್ದಿಗೆ ಕಿಡಿ ಹೋಗುವ ತೂತು ಹಿಂದೆಂದೋ ಸುಟ್ಟು ಅಗಲವಾಗಿತ್ತು. ಚಕಮಕಿ ಕಲ್ಲು ಹಿಡಿಯುವ ಕೊಕ್ಕನ್ನು ಹಿಂದಕ್ಕೆಳೆದೆ. ನಿಂತಲ್ಲೇ ಸೋತು ಬಿತ್ತು. ಸ್ಪ್ರಿಂಗಿನಲ್ಲಿ ಜೀವವಿರಲಿಲ್ಲ.

ವರದಿ ಬರೆದೆ. ತಯಾರಿಕೆ ಹಳೆಯದು, ನೂರು ವರ್ಷಕ್ಕಿಂತ ಬಹಳ ಹಿಂದಿನದು. ನಳಿಗೆ, ಯಂತ್ರ, ಕಟ್ಟಿಗೆ, ಎರಡು ತಿರುಪು ಮೂಲ, ಒಂದು ತಿರುಪು ಬದಲಿ. ಕಾಣುವ ಮೈಯೆಲ್ಲ ಇತ್ತೀಚಿನ ತವರದ ಕಲಾಯಿ, ಹಿಡಿಕೆಗೆ ಇತ್ತೀಚಿನ ವಾರ್ನಿಶ್. ಪರೀಕ್ಷೆಯ ವೇಳೆ ನನ್ನಿಂದಾದ ಒಂದು ಸಣ್ಣ ಬಿರುಕು. ಹಾರಿಸಲು ಬಾರದು. ಕೊನೆಯಲ್ಲಿ ‘ಹೊಸಾದ್ ಮಾಡಿಸುವುದು’ ಎಂಬ ಮಾತಿಗೆ ಒಂದು ಪುಟ. ಅದನ್ನು ಬರೆಯುವಾಗ ಸಂಕಟವಾಯಿತು. ಸಂಗ್ರಹಕಾರರ ಕಣ್ಣಿನಲ್ಲಿ ಆ ಕೆಂಡ ಮತ್ತು ತವರ ಪಿಸ್ತೂಲನ್ನು ಕೊಂದಿದ್ದವು. ಅವೇ ಅವಳನ್ನು ಬದುಕಿಸುವಂತಿದ್ದವು.

ವಾರದ ಮೇಲೆ ಬಾಗಲಕೋಟೆಯ ಕಚೇರಿಯಲ್ಲಿ ನಮ್ಮಿಬ್ಬರನ್ನೂ ಕರೆದರು. ಅಧಿಕಾರಿ ಮೈಸೂರು ಕಡೆಯವರು, ಮೆದು ಮಾತಿನ ಮನುಷ್ಯ. ವರದಿಯ ಕೊನೆಯ ಪುಟ ಹಿಡಿದು, “ನೀವು ಹೇಳೋದು ನನಗೆ ಅರ್ಥ ಆಯ್ತು ಮೇಡಂ. ಆದರೆ ಫೈಲಲ್ಲಿ ಇವರದೇ ಸಹಿ ಇರೋ ಹೇಳಿಕೆ ಬೇರೆ ಥರ ಇದೆಯಲ್ಲ. ಅದನ್ನ ತೆಗೆದುಹಾಕೋಕೆ ಬರಲ್ಲ. ಹೊಸ ಹೇಳಿಕೆ ಕೊಟ್ಟರೆ ಅದರ ಜೊತೆ ಸೇರಿಸಬಹುದು,” ಎಂದರು. ಗುಮಾಸ್ತ ಬರೆದುಕೊಳ್ಳಲು ಕಾಗದ ಎಳೆದುಕೊಂಡ.

“ಸಾಹೇಬ್ರ, ನಾನ ಬರೀತೇನ್ರಿ,” ಎಂದಳು.

ಅವಳು ಬರೆಯಲು ಬಹಳ ಹೊತ್ತು ತೆಗೆದುಕೊಂಡಳು. ಒಂದೊಂದು ಅಕ್ಷರವನ್ನೂ ಒತ್ತಿ, ಹಿಂದಿನ ಸಾಲನ್ನು ಬೆರಳಿನಿಂದ ಮತ್ತೆ ಓದಿ ಮುಂದಕ್ಕೆ ಹೋಗುತ್ತಿದ್ದಳು. ಮುಗಿಸಿ ಕಾಗದವನ್ನು ಅವರಿಗೆ ಕೊಡದೆ ನನಗೆ ಕೊಟ್ಟಳು. ಎರಡೇ ಸಾಲಿತ್ತು: “ನಾನು ಈ ಪಿಸ್ತೂಲ ಹೊಸದು ಮಾಡಿಸಿಲ್ಲ. ನಮ್ಮ ಹಿರಿಯರ ಹಳೆಯ ಪಿಸ್ತೂಲ ಕಲಾಯಿ ಹಾಕಿಸಿ ಕೆಡಿಸೇನಿ.”

“ಅಕ್ಕಾರ, ಚಲೋತ್ನಂಗ ನೋಡ್ರಿ,” ಎಂದಳು. “ಇದರಾಗ ಮತ್ತೊಂದ ಅರ್ಥ ಏನರ ಬರ್ತೈತೇನ್ರಿ?”

ನಾನು ಎರಡು ಸಲ ಓದಿದೆ.

“ಇಲ್ಲವಾ. ಒಂದ ಅರ್ಥ.”

ಅವಳು ಸಹಿ ಮಾಡಿದಳು. ಅಧಿಕಾರಿ ಓದಿ, ಕನ್ನಡಕ ತೆಗೆದು ಒರೆಸಿ, ಪಿಸ್ತೂಲನ್ನು ದಾಖಲೆ ಬರೆದು ಮನೆಗೆ ಕೊಡುವಂತೆಯೂ ಕೇಸು ಮುಂದುವರಿಸುವ ಅಗತ್ಯವಿಲ್ಲವೆಂದು ಹುನಗುಂದದ ಡಿಪೋಗೆ ಪತ್ರ ಕಳಿಸುವಂತೆಯೂ ಗುಮಾಸ್ತನಿಗೆ ಹೇಳಿದರು. ಪತ್ರ ತಲುಪಿ ಡ್ಯೂಟಿಗೆ ಕರೆಯಲು ಎಂಟು ಹತ್ತು ದಿನವಾದೀತು ಎಂದರು.

ಅವಳು ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: “ಆ ಪತ್ರ ನನ್ನ ಕೈಯಾಗ ಕೊಡ್ತೀರೇನ್ರಿ ಸಾಹೇಬ್ರ? ಹುನಗುಂದದ ಬಸ್ ಹನ್ನೆರಡೂವರೀಗೆ ಐತಿ.”